ಹಳೇ ಕಾರು ಉಳಿಯೋದು ಮೆಕ್ಯಾನಿಕ್ ಕೈಯಲ್ಲಿ

ಹೋದ ತಿಂಗಳು ಒಂದು ಭಾನುವಾರ ಹುಣಸೂರಿನ ನಮ್ಮ ಮೆಕ್ಯಾನಿಕ್ ಅಣ್ಣ ಗ್ಯಾರೇಜಿಗೆ ಬೀಗ ಹಾಕಿ, "ಬಾರಪ್ಪ, ಕಾರ್ ಮ್ಯೂಸಿಯಂ ನೋಡ್ಕೊಂಡು ಬರೋಣ" ಅಂದರು. ಹಬ್ಬದ ದಿನವೂ ಸ್ಪ್ಯಾನರ್ ಕೆಳಗಿಡದ ಮನುಷ್ಯ. ನನಗೆ ಆಶ್ಚರ್ಯ ಆಯ್ತು.

ಕಾರಣ ಗ್ಯಾರೇಜಿನ ಹಿಂದೆ ಟಾರ್ಪಾಲಿನ ಅಡಿ ಇತ್ತು. ಎರಡು ಬಾಗಿಲಿನ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಪಿರಿಯಾಪಟ್ಟಣದ ಕಡೆ ಒಬ್ಬರ ಹೊಗೆಸೊಪ್ಪಿನ ಬ್ಯಾರನ್ ಪಕ್ಕ ವರ್ಷಗಟ್ಟಲೆ ನಿಂತಿತ್ತು. ಹಿಂದಿನ ಸೀಟಲ್ಲಿ ಕೋಳಿ ಮೊಟ್ಟೆ ಇಡ್ತಿತ್ತಂತೆ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ್ದ. ಅಣ್ಣ ಅದರ ಮೇಲೆ ಸ್ವಲ್ಪ ಸೇರಿಸಿ ಕೊಟ್ಟು ತಂದರು. "ಮನೆ ಸೂರು ಸೋರ್ತಿದೆ, ಇವರಿಗೆ ಕಾರಿನ ಚಿಂತೆ" ಅಂತ ಅತ್ತಿಗೆ ಇನ್ನೂ ಬೈತಾರೆ.

ಹೆರಾಲ್ಡ್ ಮೂಲದಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಂಪನಿಯದು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ನಮ್ಮಲ್ಲೂ ತಯಾರಿಸಿತು. ಇದೇ ಹೆರಾಲ್ಡ್ ಚಾಸಿಯನ್ನು ಗಿಡ್ಡ ಮಾಡಿ ಟ್ರಯಂಫ್‌ನವರು 1962ರಲ್ಲಿ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ಬಿಟ್ಟರು. ಎರಡರ ವಿನ್ಯಾಸವೂ ಇಟಲಿಯ ಮಿಕೆಲೊಟ್ಟಿ ಅವರದೇ. ಮಡ್‌ಗಾರ್ಡ್ ಸಮೇತ ಬಾನೆಟ್ ಪೂರ್ತಿ ಮುಂದಕ್ಕೆ ಏಳುತ್ತೆ, ಮುಂದಿನ ಟೈರ್ ಮೇಲೆ ಕೂತೇ ಇಂಜಿನ್ ಕೆಲಸ ಮಾಡಬಹುದು. ಅದಕ್ಕೇ ಅಣ್ಣನಿಗೆ ಅದು "ನಮ್ಮ ಸ್ಪೋರ್ಟ್ಸ್ ಕಾರು". ಕೆಂಪು ಮೆಟಾಲಿಕ್ ಬಣ್ಣ, ಅಲಾಯ್ ವೀಲ್, ಹೊಸ ಡ್ಯಾಶ್‌ಬೋರ್ಡ್ ಹಾಕಬೇಕು ಅಂತಿದ್ದರು.

ನಾವು ಹೋಗಿದ್ದು ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಮ್ಯೂಸಿಯಂಗೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಹಳೇ ವಾಹನಗಳು ಅಲ್ಲಿವೆ. ಕಟ್ಟಡವೂ ಚಕ್ರದ ಆಕಾರದಲ್ಲಿದೆ.

ಜನ ಸೆಲ್ಫಿ ತೆಗೀತಿದ್ದರು. ಅಣ್ಣ ಮಾತ್ರ ಬಗ್ಗಿ ಬಗ್ಗಿ ಕಾರುಗಳ ಅಡಿ ನೋಡ್ತಿದ್ದರು. ಬಾಗಿಲ ಸಂದು ಎಷ್ಟಿದೆ, ರಬ್ಬರ್ ಬೀಡಿಂಗ್ ಎಲ್ಲಿ ಸೇರುತ್ತೆ, ಹೊಲಿಗೆ ಯಾವ ಥರ ಅಂತ ಒಂದೊಂದನ್ನೂ ನೋಡಿದರು. ಎರಡು ಗಂಟೆ ಆದಮೇಲೆ ಹೊರಗೆ ಬಂದು ಟೀ ಕುಡೀತಾ ಅಂದರು: "ಕೆಂಪು ಬೇಡ ಕಣಪ್ಪ. ಕಂಪನಿಯಿಂದ ಹೆಂಗೆ ಬಂದಿತ್ತೋ ಹಂಗೇ ಮಾಡ್ತೀನಿ. ನನ್ನ ಶೋಕಿಗೆ ಅದರ ಮುಖ ಕೆಡಿಸಬಾರದು."

ಮ್ಯೂಸಿಯಂನಿಂದ ಆಗೋ ದೊಡ್ಡ ಉಪಕಾರ ಇದೇ. ಯಾವುದು ಅಸಲಿ ಅಂತ ಕಣ್ಣಿಗೆ ತೋರಿಸುತ್ತೆ. ಆದರೆ ಅಲ್ಲಿಂದ ಬಂದಮೇಲೆ ನನ್ನ ತಲೆಯಲ್ಲಿ ಬೇರೆಯೇ ಪ್ರಶ್ನೆ. ಹಳೇ ಕಾರು ಕಂಡರೆ ಯಾರ ಕಾರು, ಎಷ್ಟು ರೇಟು ಅಂತ ಕೇಳ್ತೀವಿ. ರಿಪೇರಿ ಮಾಡಿದ ಕೈ ಯಾರದು ಅಂತ ಯಾರೂ ಕೇಳಲ್ಲ.

ಹೆರಾಲ್ಡ್ ಚಾಸಿಯ ಪಕ್ಕದ ತೋಳುಗಳು ತುಕ್ಕು ಹಿಡಿದಿದ್ದವು. ಹೊಸದಾಗಿ ತಗಡು ಬಡಿದು ಕೂರಿಸಿದ್ದು ಇಲ್ಲಿನ ಟಿಂಕರ್. ಅಂಗಡಿಯಲ್ಲಿ ಸಿಗದ ಬುಷ್ ಕಡೆದು ಕೊಟ್ಟಿದ್ದು ಕೆ.ಆರ್. ನಗರದ ಲೇತ್ ಅಂಗಡಿಯವರು. ಸೀಟು ಹೊಲೀತಿರೋದು ಎಚ್.ಡಿ. ಕೋಟೆಯ ಕುಶನ್ ಕೆಲಸದವರು. ಮೂವರಿಗೂ ಅರವತ್ತರ ಆಸುಪಾಸು. ಯಾರ ಹತ್ತಿರವೂ ಕಲಿಯೋ ಹುಡುಗರಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೂ ನಮ್ಮ ಸಂತೆಗಳಲ್ಲಿ ಯೆಜ್ಡಿ ಸದ್ದು ಇವತ್ತಿಗೂ ಕೇಳ್ತದಲ್ಲ, ಅದು ಇಂಥ ಕೈಗಳಿಂದಲೇ.

ಹಳೇದೆಲ್ಲ ಉಳಿಸಿ ಅಂತ ನಾನು ಹೇಳ್ತಿಲ್ಲ. ಹೊಗೆ ಕಾರೋ ಲಾರಿ, ಬ್ರೇಕಿಲ್ಲದ ಟೆಂಪೋ ಗುಜರಿಗೇ ಹೋಗಲಿ. ಆದರೆ ಕೊಟ್ಟಿಗೆಯಲ್ಲಿ ಅಪ್ಪನ ಕಾಲದ ಗಾಡಿ ಇದ್ದರೆ ತೂಕಕ್ಕೆ ಹಾಕೋ ಮುಂಚೆ ಒಬ್ಬ ಹಳೇ ಮೆಕ್ಯಾನಿಕ್‌ಗೆ ತೋರಿಸಿ. ಆರ್‌ಸಿ ಬುಕ್ ಹುಡುಕಿಡಿ. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆ ನೋಂದಣಿ ಮಾಡಿಸಿದರೆ ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿಗೆ ಮಾತ್ರ. ದಿನಾ ಓಡಿಸೋ ಆಸೆ ಇದ್ದರೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಬೇಕು. ಯಾವುದು ಸರಿ ಅಂತ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.

ಇನ್ನೊಂದು ಮಾತು ನಮ್ಮ ಐಟಿಐಗಳಿಗೆ. ವಾರಕ್ಕೊಂದು ದಿನ ಇಂಥ ಗ್ಯಾರೇಜುಗಳಿಗೆ ಹುಡುಗರನ್ನ ಕಳಿಸಿ. ಸ್ಕ್ಯಾನರ್ ಹಾಕಿ ದೋಷ ಹುಡುಕೋದು ಕಲೀಲಿ, ಬೇಡ ಅನ್ನಲ್ಲ. ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅನ್ನೋ ವಿದ್ಯೆಯೂ ಇವರ ಜೊತೆಗೇ ಮುಗಿಯೋದು ಬೇಡ.

ಮೊನ್ನೆ ಹೆರಾಲ್ಡ್ ಇಂಜಿನ್ ಮೊದಲ ಸಲ ಸ್ಟಾರ್ಟ್ ಆಯ್ತು. ಎರಡು ನಿಮಿಷ ಓಡಿ ಆಫ್ ಆಯ್ತು. ಅತ್ತಿಗೆ ಅಡುಗೆಮನೆಯಿಂದ ಓಡಿಬಂದು ನೋಡಿದರು. ಅವತ್ತು ಬೈಲಿಲ್ಲ.