ಗಡುವು ಮುಗಿದ ಮೇಲೆ ಬಾಯಿ ಬಡ್ಕೊಂಡ್ರೆ ಏನು ಬಂತು?

ನಾನು ಬ್ಯಾಂಕ್ ಕೌಂಟರಿನಲ್ಲಿ ಕೂರುವವನು. ಚೆಕ್ಕಿಗೆ ಮೂರು ತಿಂಗಳ ಆಯುಸ್ಸು. ಅದು ದಾಟಿ ಒಂದೇ ದಿನ ತಡವಾಗಿ ತಂದ್ರೂ, ಖಾತೆಯಲ್ಲಿ ಹಣ ಇದ್ರೂ, ಚೆಕ್ ವಾಪಸ್. ನಮ್ಮ ನೆಲದ ಹಕ್ಕಿನ ಕಥೆಯೂ ಇದೇ.

ಕಾಸರಗೋಡು-ತಿರುವನಂತಪುರ ಸಿಲ್ವರ್‌ಲೈನ್ ನೆನಪಿದೆಯಲ್ಲ? ಸುಮಾರು 530 ಕಿ.ಮೀ. ಹಳಿ, ಜನರ ಅಂಗಳದಲ್ಲಿ ಹಳದಿ ಸರ್ವೆ ಕಲ್ಲು. ಇಷ್ಟು ದೊಡ್ಡ ಯೋಜನೆಗೆ ಪರಿಸರ ಅನುಮತಿಯೇ ಕಡ್ಡಾಯವಲ್ಲ! 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಹೆದ್ದಾರಿ ಇದೆ, ವಿಮಾನ ನಿಲ್ದಾಣ ಇದೆ, ರೈಲು ಹಳಿ ಇಲ್ಲ. ಅನುಮತಿ ಇದ್ದಿದ್ದರೆ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ, ತಕ್ಕ ಕಾರಣವಿದ್ದರೆ ಮತ್ತೆ 60 ದಿನದೊಳಗೆ ಮೇಲ್ಮನವಿ ಹಾಕಬಹುದಿತ್ತು. ಅನುಮತಿಯೇ ಬೇಡ ಅಂದ ಮೇಲೆ ಆ ಬಾಗಿಲೂ ಇಲ್ಲ.

ಉಳಿಯುವ ದೊಡ್ಡ ಬಾಗಿಲು 2013ರ ಭೂಸ್ವಾಧೀನ ಕಾಯ್ದೆ. ಅದರಲ್ಲಿ ಸಾಮಾಜಿಕ ಪರಿಣಾಮ ಅಧ್ಯಯನ, ಸಾರ್ವಜನಿಕ ವಿಚಾರಣೆ ಇವೆ. ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆಕ್ಷೇಪಕ್ಕೆ 60 ದಿನ. ಅಧ್ಯಯನದ ವರದಿ 'ಸ್ಥಳೀಯ ಭಾಷೆ'ಯಲ್ಲಿ ಸಿಗಬೇಕು ಎಂದೂ ಕಾಯ್ದೆ ಹೇಳುತ್ತೆ.

ಯಾವುದು ಸ್ವಾಮಿ ಸ್ಥಳೀಯ ಭಾಷೆ? ಕಾಸರಗೋಡಿನ ಕನ್ನಡ ಮನೆಯ ಅಜ್ಜಿಗೆ ಮಲಯಾಳದ ನೋಟಿಸ್ ಕೊಟ್ಟರೆ 60 ದಿನದಲ್ಲಿ ಅರ್ಧ ದಿನ ಅದನ್ನು ಓದಿಸೋದಕ್ಕೇ ಹೋಗುತ್ತೆ. ಕನ್ನಡಿಗರು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತೆ. ಇದು ಯಾರೂ ಹಾಕುವ ಭಿಕ್ಷೆಯಲ್ಲ.

ಭಾಷೆ ಕೇಳಿದರೆ ಗಡುವೂ ಬೆಳೆಯುತ್ತೆ. 2020ರಲ್ಲಿ ಹೊಸ ಪರಿಸರ ಅಧಿಸೂಚನೆಯ ಕರಡು ಇಂಗ್ಲಿಷ್, ಹಿಂದಿಯಲ್ಲಷ್ಟೇ ಬಂದಾಗ ದೆಹಲಿ ಹೈಕೋರ್ಟ್, ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದಿತು. ಆಕ್ಷೇಪಣೆಯ ಕೊನೆಯ ದಿನವನ್ನು ಆಗಸ್ಟ್ 11ಕ್ಕೆ ಮುಂದೂಡಿತು. ಗಡುವಿನೊಳಗೇ ಯಾರೋ ಕೋರ್ಟಿಗೆ ಹೋದದ್ದಕ್ಕೆ ಅದು ಸಿಕ್ಕಿತು.

"ರೈಲು ಬೇಡ್ವಾ ನಿಮಗೆ?" ಅಂತ ಕೇಳೋರಿದ್ದಾರೆ. ಬೇಕು, ಖಂಡಿತ ಬೇಕು. ಆದರೆ ನಮ್ಮ ಗದ್ದೆ, ಬಾವಿ, ಮಳೆನೀರು ಹರಿಯುವ ತೋಡಿಗೆ ಏನಾಗುತ್ತೆ ಅನ್ನೋದು ನಮಗೆ ಅರ್ಥವಾಗುವ ಭಾಷೆಯಲ್ಲಿ, ಮೊದಲೇ ಗೊತ್ತಾಗಬೇಕು.

ನಮ್ಮವರ ತಪ್ಪೂ ಇದೆ. ನೋಟಿಸಿನ ಫೋಟೋ ಹತ್ತು ಗುಂಪಿಗೆ ಫಾರ್ವರ್ಡ್ ಮಾಡ್ತೀವಿ, ಒಂದು ಅರ್ಜಿ ಬರೆಯೋದಿಲ್ಲ. ಫಾರ್ವರ್ಡಿಗೆ ಸ್ವೀಕೃತಿ ಮುದ್ರೆ ಬೀಳಲ್ಲ, ತಮ್ಮಾ!

ಮುಂದೆ ಹೊಸೂರು, ಜತ್ತ, ಆದೋನಿ, ಎಲ್ಲಿಗೇ ಹಳಿ ಬರಲಿ, ಪಂಚಾಯಿತಿಯ ಫಲಕ ನೋಡಿ. ದಿನಾಂಕ ಬರೆದಿಟ್ಟುಕೊಳ್ಳಿ. ಕನ್ನಡ ಪ್ರತಿ ಬೇಕೆಂದು ಕನ್ನಡದಲ್ಲೇ ಅರ್ಜಿ ಕೊಡಿ. ಸಂವಿಧಾನದ 350ನೇ ವಿಧಿ ಬೆನ್ನಿಗಿದೆ. ಮುದ್ರೆ ಹಾಕಿಸಿಕೊಳ್ಳಿ. ಉತ್ತರಕ್ಕೆ ಕಾಯುತ್ತಾ ಕೂರದೆ ಗಡುವಿನೊಳಗೇ ಆಕ್ಷೇಪಣೆ ಸಲ್ಲಿಸಿ.