ಮೂರನೆಯ ಪಂದ್ಯ ಎಲ್ಲಿ?

ಕ್ರಿಕೆಟ್ ಹೆಚ್ಚಾಯಿತು ಎಂಬ ದೂರು ಹಳೆಯದು. ಹಾಗೆ ದೂರುವವರಲ್ಲಿ ಅರ್ಧ ಮಂದಿ ಆಟವನ್ನು ಎಂದೂ ನೋಡದವರು. ಉಳಿದರ್ಧ ಮಂದಿ ದೂರು ಮುಗಿಸಿ ಮನೆಗೆ ಹೋಗಿ ಟೆಲಿವಿಷನ್ ಮುಂದೆ ಕೂರುವವರು. ಅವರ ಸಂಗಡ ಸೇರುವ ಇಚ್ಛೆ ನನಗಿಲ್ಲ. ನನ್ನ ತಕರಾರು ಬೇರೆ. ವರ್ಷದ ಹನ್ನೆರಡು ತಿಂಗಳೂ ಪಂದ್ಯಗಳು ತುಂಬಿ ತುಳುಕುವ ಈ ಕಾಲದಲ್ಲಿ, ನಿಜವಾಗಿ ಬೇಕಾದ ಪಂದ್ಯವೊಂದು ಮಾತ್ರ ಮತ್ತೆ ಮತ್ತೆ ನಡೆಯದೆ ಹೋಗುತ್ತಿದೆ. ಅದು ಮೂರನೆಯ ಪಂದ್ಯ. ತಲಾ ಒಂದನ್ನು ಗೆದ್ದು ಎದುರುಬದುರು ನಿಂತವರಲ್ಲಿ ಮೇಲು ಯಾರು ಎಂದು ತೀರ್ಮಾನಿಸತಕ್ಕ ಪಂದ್ಯ.

ಮಾತಿಗೆ ಸಾಕ್ಷಿ ಬೇಕಲ್ಲವೆ? 2023-24ರ ಒಂದೇ ಋತುವನ್ನು ತೆಗೆದುಕೊಳ್ಳೋಣ. 2023ರ ಅಕ್ಟೋಬರ್ 5ರಿಂದ ನವೆಂಬರ್ 19ರವರೆಗೆ ನಮ್ಮ ದೇಶದ ಹತ್ತು ನಗರಗಳಲ್ಲಿ ವಿಶ್ವಕಪ್ಪಿನ 48 ಪಂದ್ಯಗಳು ನಡೆದವು. ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯ ನಮ್ಮನ್ನು ಆರು ವಿಕೆಟ್ಟುಗಳಿಂದ ಸೋಲಿಸಿತು. ಸೋತ ದುಃಖವನ್ನು ನಾಲ್ಕು ದಿನ ಅನುಭವಿಸುವ ಹಕ್ಕಾದರೂ ಪ್ರೇಕ್ಷಕನಿಗೆ ಇರಬೇಡವೆ? ಸರಿಯಾಗಿ ನಾಲ್ಕನೆಯ ದಿನ, ನವೆಂಬರ್ 23ರಂದು, ಅದೇ ಆಸ್ಟ್ರೇಲಿಯದ ಮೇಲೆ ಐದು ಟ್ವೆಂಟಿ-20 ಪಂದ್ಯಗಳ ಸರಣಿ ವಿಶಾಖಪಟ್ಟಣದಲ್ಲಿ ಆರಂಭವಾಗಿಬಿಟ್ಟಿತು. ಎರಡೂ ಕಡೆಯ ಹಿರಿಯ ಆಟಗಾರರಲ್ಲಿ ಹಲವರು ವಿಶ್ರಾಂತಿಗೆ ತೆರಳಿದ್ದರು. ನಾಯಕ ಸೂರ್ಯಕುಮಾರ್ ಯಾದವರ ಪತ್ರಿಕಾಗೋಷ್ಠಿಗೆ ಬಂದವರು ಇಬ್ಬರೇ ವರದಿಗಾರರೆಂದು ಆಗ ಸುದ್ದಿಯಾಗಿತ್ತು. ಪಂದ್ಯವನ್ನು ಭಾರತ ಎರಡು ವಿಕೆಟ್ಟುಗಳಿಂದ ಗೆದ್ದಿತು. ಓದುಗರಲ್ಲಿ ಎಷ್ಟು ಮಂದಿಗೆ ಆ ಗೆಲುವಿನ ನೆನಪಿದೆಯೋ ನಾನರಿಯೆ. ದಿನಾ ಸಾಯುವವರಿಗೆ ಅಳುವವರು ಯಾರು ಎಂಬ ಗಾದೆ ನಮ್ಮಲ್ಲಿದೆ. ದಿನಾ ಗೆಲ್ಲುವವರಿಗೆ ಕುಣಿಯುವವರಾದರೂ ಯಾರು?

ಅಲ್ಲಿಂದ ಮುಂದೆ ನಮ್ಮ ತಂಡ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಮೂರು ಟ್ವೆಂಟಿ-20, ಒಂದು ದಿನದ ಮೂರು ಪಂದ್ಯ, ಎರಡು ಟೆಸ್ಟ್: ಇದು ಏರ್ಪಾಡು. ಸೆಂಚೂರಿಯನ್ನಿನ ಟೆಸ್ಟಿನಲ್ಲಿ ನಾವು ಒಂದು ಇನ್ನಿಂಗ್ಸ್ ಮತ್ತು 32 ರನ್ನುಗಳಿಂದ ಸೋತೆವು. ಕೇಪ್‌ಟೌನಿನಲ್ಲಿ ಮಹಮ್ಮದ್ ಸಿರಾಜ್ ಹದಿನೈದೇ ರನ್ನಿಗೆ ಆರು ವಿಕೆಟ್ ಕಿತ್ತು ಆತಿಥೇಯರನ್ನು 55ಕ್ಕೆ ಉರುಳಿಸಿದರು. 2024ರ ಜನವರಿ 3ರಂದು ಮೊದಲಾದ ಆಟ ಮರುದಿನವೇ ಮುಗಿಯಿತು. ಒಟ್ಟು 642 ಎಸೆತ. ತೀರ್ಮಾನ ಕಂಡ ಯಾವ ಟೆಸ್ಟೂ ಅದುವರೆಗೆ ಅಷ್ಟು ಕಡಿಮೆ ಎಸೆತಗಳಲ್ಲಿ ಮುಗಿದಿರಲಿಲ್ಲ. ಒಂದು ಅವರದು, ಒಂದು ನಮ್ಮದು. ಸರಿ, ಮೂರನೆಯದು? ಇಲ್ಲ. ಜನವರಿ 10ಕ್ಕೆ ಅಲ್ಲಿಯ ಟ್ವೆಂಟಿ-20 ಲೀಗು. 11ಕ್ಕೆ ಇಲ್ಲಿ ಆಫ್ಘಾನಿಸ್ತಾನದ ಮೇಲೆ ಮತ್ತೊಂದು ಕಿರು ಸರಣಿ. ಮೂರು ದಿನದ ಆಟ ಮಿಕ್ಕಿತ್ತು. ಆಡಿಸುವವರಿಗೆ ಮಾತ್ರ ಬಿಡುವಿರಲಿಲ್ಲ.

ಅದೇ ತಿಂಗಳು ಆಸ್ಟ್ರೇಲಿಯದಲ್ಲಿಯೂ ಇದೇ ಕಥೆ. ವೆಸ್ಟ್ ಇಂಡೀಸ್ ತಂಡ ಅಡಿಲೇಡಿನಲ್ಲಿ ಹತ್ತು ವಿಕೆಟ್ಟುಗಳಿಂದ ಸೋತಿತು. ಇನ್ನೇನು, ಬಡವರ ಕಥೆ ಮುಗಿಯಿತು ಎಂದರು ಎಲ್ಲರೂ. ಆಗ ಬ್ರಿಸ್ಬೇನಿನಲ್ಲಿ ಎದ್ದುನಿಂತವನು ಶಮಾರ್ ಜೋಸೆಫ್. ಗಯಾನದ ಹೊಳೆಯ ದಂಡೆಯ ಬರಕಾರ ಎಂಬ ಹಳ್ಳಿಯವನು. ಆ ಊರಿಗೆ ದೋಣಿಯೇ ದಾರಿ. ಕ್ರಿಕೆಟ್ಟಿಗೆ ಬರುವ ಮುಂಚೆ ಕಾವಲುಗಾರನಾಗಿ ದುಡಿದವನು. ಹಿಂದಿನ ದಿನ ಸ್ಟಾರ್ಕರ ಚೆಂಡು ಬಡಿದು ಕಾಲ್ಬೆರಳು ಜಖಂ ಆಗಿತ್ತು. ಆ ಕಾಲಿನಲ್ಲೇ ಓಡಿ ಬಂದು 68 ರನ್ನಿಗೆ ಏಳು ವಿಕೆಟ್ ಉರುಳಿಸಿದ. ಎಂಟು ರನ್ನಿನ ಗೆಲುವು. ಆಸ್ಟ್ರೇಲಿಯದ ನೆಲದಲ್ಲಿ 1997ರಿಂದ ಈಚೆಗೆ ಅವರು ಕಂಡ ಮೊದಲ ಟೆಸ್ಟ್ ಗೆಲುವು. ಒಂದು ಅವರದು, ಒಂದು ಇವರದು. ಮೂರನೆಯದು? ಅದೂ ಇಲ್ಲ. ಬಿಡುವಿರಲಿಲ್ಲ ಎನ್ನುವಂತೆಯೂ ಇಲ್ಲ. ಆಮೇಲಿನ ಹದಿನೈದು ಇಪ್ಪತ್ತು ದಿನಗಳಲ್ಲಿ ಅವೇ ಎರಡು ದೇಶಗಳು ಆರು ಕಿರು ಪಂದ್ಯಗಳನ್ನಾಡಿದವು. ಅವುಗಳಲ್ಲೊಂದು ಕ್ಯಾನ್‌ಬೆರಾದಲ್ಲಿ ಎರಡು ತಂಡಗಳ ಪಾಲೂ ಸೇರಿ 31 ಓವರಿಗೆ ಮುಗಿದುಹೋಯಿತು. ಟೆಸ್ಟಿಗೆ ಇಲ್ಲದ ದಿನಗಳು ಇದಕ್ಕೆ ಒದಗಿದವು!

ಪ್ರವಾಸ ಎಂಬ ಮಾತಿಗೆ ಒಂದು ಕಾಲದಲ್ಲಿ ಬೇರೆ ಅರ್ಥವಿತ್ತು. ನಾನು ಹುಟ್ಟುವ ಮುಂಚಿನ ಮಾತು. ಆದರೆ ಬೆಂಗಳೂರಿನ ಯಾವ ಹಿರಿಯರನ್ನು ಕೇಳಿದರೂ ತಪ್ಪದೆ ಹೇಳುತ್ತಾರೆ. 1974ರ ನವೆಂಬರ್ 22ರಂದು ಇಂದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಟೆಸ್ಟ್ ಆರಂಭವಾಯಿತು. ಬಂದವರು ಕ್ಲೈವ್ ಲಾಯ್ಡರ ವೆಸ್ಟ್ ಇಂಡೀಸ್. ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಬೆಂಗಳೂರಿನಲ್ಲಿ 267 ರನ್ನುಗಳಿಂದ ಸೋತೆವು. ದೆಹಲಿಯಲ್ಲಿ ಇನ್ನಿಂಗ್ಸಿನಿಂದ ಸೋತೆವು. ಇಂದಿನ ಲೆಕ್ಕಾಚಾರದಲ್ಲಿ ಅಲ್ಲಿಗೆ ಅತಿಥಿಗಳಿಗೆ ಹಾರ ಹಾಕಿ ಬೀಳ್ಕೊಡಬೇಕಾಗಿತ್ತು. ಎರಡಕ್ಕೆ ಎರಡು ಸೋತ ತಂಡವೆಂದು ನಮ್ಮ ಹೆಸರು ಉಳಿಯುತ್ತಿತ್ತು. ಆದರೆ ಸರಣಿ ಐದು ಪಂದ್ಯಗಳದು. ಕಲ್ಕತ್ತದಲ್ಲಿ ನಮ್ಮ ಗುಂಡಪ್ಪ ವಿಶ್ವನಾಥ್ 139 ಹೊಡೆದರು, ಗೆದ್ದೆವು. ಮದರಾಸಿನಲ್ಲಿ ಅವರೇ ಔಟಾಗದೆ 97, ಪ್ರಸನ್ನರ ಒಂಬತ್ತು ವಿಕೆಟ್ಟು, ಮತ್ತೆ ಗೆದ್ದೆವು. ಎರಡು-ಎರಡು! ಮುಂಬಯಿಯ ಐದನೆಯ ಟೆಸ್ಟಿನಲ್ಲಿ ಲಾಯ್ಡ್ ಔಟಾಗದೆ 242 ಬಾರಿಸಿ ಸರಣಿಯನ್ನು ಕೊಂಡೊಯ್ದರು. ಸೋತೆವು, ನಿಜ. ಆದರೆ ಆ ಸೋಲನ್ನು ಜನ ಈವತ್ತಿಗೂ ಹೇಳಿಕೊಳ್ಳುತ್ತಾರೆ. ಮದರಾಸಿನ ಆ 97 ಹುಟ್ಟಿದ್ದು ಮೂರನೆಯ, ನಾಲ್ಕನೆಯ ಪಂದ್ಯಗಳೆಂಬುವು ಇದ್ದದ್ದರಿಂದ ಎಂಬುದನ್ನು ಮರೆಯಬಾರದು.

ಆ ಕಾಲ ಹೋಯಿತು, ಈಗಿನ ಜನಕ್ಕೆ ವ್ಯವಧಾನವಿಲ್ಲ ಎನ್ನುವ ಬುದ್ಧಿವಂತರಿದ್ದಾರೆ. ಅವರಿಗೆ 2025ರ ಇಂಗ್ಲೆಂಡ್ ಪ್ರವಾಸವೇ ಉತ್ತರ. ಐದು ಟೆಸ್ಟುಗಳ ಸರಣಿ. ಐದನೆಯದು ಓವಲ್ಲಿನಲ್ಲಿ, ಕೊನೆಯ ದಿನದ ಬೆಳಗ್ಗೆ, ಆರೇ ರನ್ನುಗಳಿಂದ ನಮ್ಮದಾಯಿತು. ಭುಜ ತಪ್ಪಿದ ತೋಳನ್ನು ಜೋಳಿಗೆ ಕಟ್ಟಿಕೊಂಡು ಕ್ರಿಸ್ ವೋಕ್ಸ್ ಬ್ಯಾಟ್ ಹಿಡಿದು ಬಂದರು. ನಮ್ಮ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಎರಡು ಇನ್ನಿಂಗ್ಸುಗಳಲ್ಲಿ ನಾಲ್ಕು ನಾಲ್ಕು ವಿಕೆಟ್ ತೆಗೆದರು. ಎರಡು-ಎರಡರ ಸಮದಲ್ಲಿ ಸರಣಿ ಮುಗಿಯಿತು. ಆ ಬೆಳಗ್ಗೆ ಜನಕ್ಕೆ ವ್ಯವಧಾನ ಎಲ್ಲಿಂದ ಬಂತು? ಅದೇ ವರ್ಷದ ಜನವರಿ ಕೊನೆಯಲ್ಲಿ ವಿರಾಟ್ ಕೊಹ್ಲಿ ದೆಹಲಿಯ ಪರವಾಗಿ ರಣಜಿ ಪಂದ್ಯವಾಡಲು ಇಳಿದಾಗ ಸಾವಿರಾರು ಮಂದಿ ಮೈದಾನಕ್ಕೆ ನುಗ್ಗಿದರಲ್ಲ, ಅವರು ಯಾರು? ನಾಲ್ಕು ದಿನದ ಆಟ ಅದು! ಜನದ ರುಚಿ ಕೆಟ್ಟಿಲ್ಲ. ಬಡಿಸುವವರ ಕೈ ಕೆಟ್ಟಿದೆ.

ಇಲ್ಲಿ ಇನ್ನೊಂದು ಸತ್ಯ ಹೊರಬೀಳುತ್ತದೆ. ಐದು ಪಂದ್ಯಗಳ ಸರಣಿ ಸತ್ತಿಲ್ಲ. ಅದು ಶ್ರೀಮಂತರ ಮನೆಯಲ್ಲಿ ಸುಖವಾಗಿದೆ. ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯ ಈ ಮೂವರೂ ತಮ್ಮತಮ್ಮಲ್ಲಿ ಐದೈದು ಆಡಿಕೊಳ್ಳುತ್ತಾರೆ; ಉಳಿದವರಿಗೆ ಎರಡರ ಪ್ರಸಾದ. 2024ರಲ್ಲಿ ನ್ಯೂಜಿಲೆಂಡಿಗೆ ನಾವು ಮೂರು ಕೊಟ್ಟೆವು. ಅವರು ಮೂರನ್ನೂ ಗೆದ್ದು ಹೋದರು ಎಂಬುದು ಬೇರೆ ಮಾತು. 2025ರ ಜೂನ್‌ನಲ್ಲಿ ಲಾರ್ಡ್ಸಿನಲ್ಲಿ ದಕ್ಷಿಣ ಆಫ್ರಿಕ ಟೆಸ್ಟ್ ಕ್ರಿಕೆಟ್ಟಿನ ಜಗಜ್ಜೇತರಾದರು. ಅದೇ ನವೆಂಬರಿನಲ್ಲಿ ಆ ಜಗಜ್ಜೇತರು ಭಾರತಕ್ಕೆ ಬಂದರು. ನಾವು ಕೊಟ್ಟ ಟೆಸ್ಟುಗಳು ಎರಡು. ಕಿರು ಪಂದ್ಯಗಳು ಎಂಟು. ಕಲ್ಕತ್ತದಲ್ಲಿ 30 ರನ್, ಗುವಾಹಟಿಯಲ್ಲಿ 408 ರನ್. ಎರಡನ್ನೂ ಅವರೇ ಗೆದ್ದರು. 1974ರಲ್ಲಿಯೂ ನಾವು ಹೀಗೆಯೇ ಎರಡು ಸೋತಿದ್ದೆವು. ಈ ಸಲ ತಿರುಗಿ ನಿಲ್ಲಲು ಕಲ್ಕತ್ತ, ಮದರಾಸುಗಳು ಮುಂದೆ ಉಳಿದಿರಲಿಲ್ಲ. ಮೂರನೆಯ ಪಂದ್ಯವಿಲ್ಲದಿರುವುದು ಬಡವರಿಗೆ ಮಾತ್ರ ನಷ್ಟವೆಂದು ತಿಳಿದಿದ್ದರೆ ನಮ್ಮ ಮಂಡಳಿಯ ಮಹನೀಯರು ಇದನ್ನು ಗಮನಿಸಬೇಕು.

ಹಣವಿಲ್ಲದೆ ಆಟ ನಡೆಯುವುದೆ ಎಂದು ಕೇಳಬಹುದು. ನಡೆಯದು. ಎರಡು ದೇಶಗಳ ಸರಣಿಯಲ್ಲಿ ಪ್ರಸಾರದ ಹಣವೆಲ್ಲ ಆತಿಥೇಯರದು, ಬಂದವರಿಗೆ ಪಾಲಿಲ್ಲ. ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಗಳನ್ನು ಬಿಟ್ಟು ಬೇರೆಯವರನ್ನು ಕರೆದು ಟೆಸ್ಟ್ ಆಡಿಸಿದರೆ ಸಣ್ಣ ಮಂಡಳಿಗಳಿಗೆ ಕೈಯಿಂದಲೇ ಖರ್ಚು. ಅವರು ಟ್ವೆಂಟಿ-20 ಲೀಗುಗಳ ಮೊರೆಹೋಗುವುದರಲ್ಲಿ ಆಶ್ಚರ್ಯವೇನು? 2024ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕ ತನ್ನ ಲೀಗನ್ನು ಉಳಿಸಿಕೊಳ್ಳಲು ನ್ಯೂಜಿಲೆಂಡಿಗೆ ಕಳುಹಿಸಿದ ಹದಿನಾಲ್ವರಲ್ಲಿ ಏಳು ಮಂದಿ ಟೆಸ್ಟನ್ನೇ ಆಡಿರಲಿಲ್ಲ, ನಾಯಕನೂ ಅವರಲ್ಲೊಬ್ಬ. ನಾವು ನಕ್ಕೆವು. ನಗುವ ಅಧಿಕಾರ ನಮಗಿದೆಯೆ? ಅಂತರರಾಷ್ಟ್ರೀಯ ಮಂಡಳಿಯ 2024-27ರ ಆದಾಯದಲ್ಲಿ ಶೇಕಡಾ 38ಕ್ಕೂ ಮೇಲ್ಪಟ್ಟು ಭಾರತದ ಪಾಲೆಂದು ವರದಿಯಾಗಿದೆ. ಇದಲ್ಲದೆ ನಮ್ಮ ಐಪಿಎಲ್ಲಿನ ಐದು ವರ್ಷಗಳ ಪ್ರಸಾರದ ಹಕ್ಕು 2022ರಲ್ಲಿ ಬಿಕರಿಯಾದದ್ದು 48,390 ಕೋಟಿ ರೂಪಾಯಿಗೆ. ಉಣ್ಣುವವನೊಬ್ಬನೇ ಆದ ಪಂಕ್ತಿಯನ್ನು ಯಾರೂ ಊಟ ಎನ್ನುವುದಿಲ್ಲ. ಎದುರಾಳಿ ಹಸಿದು ಬಿದ್ದಮೇಲೆ ನಾವು ಗೆಲ್ಲುವುದು ಯಾರ ಮೇಲೆ?

ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ಊರೂರು ತಿರುಗಿ ಆಡುತ್ತವೆ. ಕರ್ಣಾರ್ಜುನರು ಎದುರು ನಿಂತು ಬಿಲ್ಲೆತ್ತಿದ ಹೊತ್ತಿಗೆ, ನಾಳೆ ಬೇರೆ ಊರಿನಲ್ಲಿ ಆಟವಿದೆ ಎಂದು ಭಾಗವತರು ಮಂಗಳ ಹಾಡಿಬಿಟ್ಟರೆ ಪ್ರೇಕ್ಷಕರು ಸುಮ್ಮನೆ ಎದ್ದು ಹೋಗುತ್ತಾರೆಯೆ? ಭಾಗವತರಿಗೂ ಅದು ಗೊತ್ತು. ಆದುದರಿಂದ ಅವರು ಹಾಗೆ ಮಾಡುವುದಿಲ್ಲ. ಕ್ರಿಕೆಟ್ಟಿನ ಭಾಗವತರು ಮಾಡುತ್ತಾರೆ, ನಾವು ಚಪ್ಪಾಳೆ ತಟ್ಟಿ ಏಳುತ್ತೇವೆ. ಅದಕ್ಕಾಗಿಯೇ ಮತ್ತೆ ಮಾಡುತ್ತಾರೆ.

ಬೇಕಾದದ್ದು ಹೆಚ್ಚೇನಲ್ಲ. ಮೂರಕ್ಕಿಂತ ಕಡಿಮೆ ಪಂದ್ಯಗಳಿದ್ದರೆ ಅದನ್ನು ಟೆಸ್ಟ್ ಸರಣಿ ಎಂದು ಕರೆಯತಕ್ಕದ್ದಲ್ಲ ಎಂದು ನಿಯಮವಾಗಲಿ. ಅತಿಥಿಯಾಗಿ ಬಂದ ತಂಡಕ್ಕೂ ಪ್ರಸಾರದ ಹಣದಲ್ಲಿ ಪಾಲು ಸಲ್ಲಲಿ. ಈ ಎರಡನ್ನೂ ಎಲ್ಲರಿಗಿಂತ ಹೆಚ್ಚು ಉಳ್ಳವರು, ಎಂದರೆ ನಾವು, ಮೊದಲು ಮಾಡಿ ತೋರಿಸಲಿ. ಅದಕ್ಕೆ ದಿನಗಳು ಎಲ್ಲಿಂದ ಬರಬೇಕೆಂದು ಕೇಳುವವರಿಗೆ ವಿಶಾಖಪಟ್ಟಣದ ಆ ಸರಣಿಯಿಂದ ಎಂಬುದೇ ಉತ್ತರ. ಆ ಐದು ಪಂದ್ಯಗಳನ್ನು ಕೈಬಿಟ್ಟಿದ್ದರೆ ಕೇಪ್‌ಟೌನಿನ ಲೆಕ್ಕವನ್ನು ಪೂರೈಸುವಷ್ಟು ದಿನಗಳು ಧಾರಾಳವಾಗಿ ಸಿಗುತ್ತಿದ್ದವು. ಕೈಬಿಟ್ಟದ್ದಕ್ಕಾಗಿ ದೇಶದಲ್ಲಿ ಒಬ್ಬರೂ ಕಣ್ಣೀರು ಹಾಕುತ್ತಿರಲಿಲ್ಲ.