ಕೀಲಿಕೈ ತೆಗೆದ ಮೇಲೂ ಓಡುವ ಎಂಜಿನ್

ಕೀಲಿಕೈಯನ್ನು ತಿರುಗಿಸಿ ಹೊರತೆಗೆದ ಮೇಲೂ ಎಂಜಿನ್ ಗಡಗಡನೆ ನಡುಗುತ್ತ ಓಡುತ್ತಲೇ ಇದ್ದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ, ಕ್ಲಚ್ ಬಿಟ್ಟು ಅದರ ಉಸಿರು ಕಟ್ಟಿಸುವುದು. ಎಂಜಿನ್ ನಿಲ್ಲುತ್ತದೆ. "ಹಳೆಯ ಗಾಡಿ, ಅದರ ಸ್ವಭಾವವೇ ಹಾಗೆ" ಎಂಬ ಮಾತಿನೊಂದಿಗೆ ವಿಷಯವೂ ಮುಗಿಯುತ್ತದೆ. ಈ ಮಾತನ್ನು ನಾನು ಒಪ್ಪಲಾರೆ. ಯಂತ್ರಕ್ಕೆ ಸ್ವಭಾವವೆಂಬುದಿಲ್ಲ, ಕಾರಣಗಳಿವೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಅಭಿಮಾನದಿಂದ ಕಾಪಾಡಿಕೊಂಡು ಬಂದಿದ್ದಾರೆ. ಬಂಧುಗಳಲ್ಲಿ ಹಲವರ ಮನೆಯಲ್ಲಿ ಟ್ರ್ಯಾಕ್ಟರುಗಳಿವೆ. ಅವರೆಲ್ಲರೂ ಗ್ಯಾರೇಜಿಗೆ ಹೋಗುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ: ಈ ವಾಹನದಲ್ಲಿ ಕೀಲಿಕೈ ನಿಜವಾಗಿ ನಿಲ್ಲಿಸುವುದು ಏನನ್ನು?

ಹಳೆಯ ಪೆಟ್ರೋಲ್ ಕಾರಿನಲ್ಲಿ ಅದು ನಿಲ್ಲಿಸುವುದು ಕಿಡಿಯನ್ನು ಮಾತ್ರ. ಪೆಟ್ರೋಲನ್ನಲ್ಲ. ಎಂಜಿನ್ ಇನ್ನೂ ತಿರುಗುತ್ತಿರುವಷ್ಟು ಹೊತ್ತು ಪಿಸ್ಟನ್ನು ಕಾರ್ಬ್ಯುರೇಟರಿನ ಮೂಲಕ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಸಿಲಿಂಡರಿನೊಳಗೆ ಕೆಂಪಗೆ ಕಾದ ಮಸಿಯೋ, ಅತಿಯಾಗಿ ಬಿಸಿಯಾದ ಸ್ಪಾರ್ಕ್ ಪ್ಲಗ್ಗೋ ಇದ್ದರೆ, ಅಥವಾ ಮಿಶ್ರಣವೇ ಒತ್ತಡದಿಂದ ಸಾಕಷ್ಟು ಕಾದರೆ, ಕಿಡಿಯ ಹಂಗಿಲ್ಲದೆ ಅದು ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ಕಿಡಿಯಿಲ್ಲದೆ ಓಡುವುದನ್ನು ನೆನೆದು ಮೆಕ್ಯಾನಿಕರು ಈ ದೋಷವನ್ನು 'ಡೀಸೆಲಿಂಗ್' ಎನ್ನುತ್ತಾರೆ.

ಆದರೆ ಎಲ್ಲ ಪ್ರಕರಣವೂ ಡೀಸೆಲಿಂಗ್ ಅಲ್ಲ. ಮೊದಲು ಕಿವಿಗೊಟ್ಟು ಕೇಳಬೇಕು. ಎಂಜಿನ್ ಕುಂಟುತ್ತ, ಒದೆಯುತ್ತ, ಕೆಲವು ಕ್ಷಣ ಓಡಿ ನಿಂತರೆ ದೋಷ ಶಾಖದ್ದು. ಏನೂ ಆಗದಂತೆ ನಯವಾಗಿ ಓಡುತ್ತಿದ್ದರೆ ಕಿಡಿ ಇನ್ನೂ ನಿಂತಿಲ್ಲವೆಂದೇ ಅರ್ಥ. ದೋಷ ಇಗ್ನಿಷನ್ ಸ್ವಿಚ್ಚಿನಲ್ಲೋ, ಎಲ್ಲಿಂದಲೋ ಕರೆಂಟು ಮರಳಿ ಹರಿಯುವ ತಂತಿಯಲ್ಲೋ ಇದೆ. ಸಂಶಯವಿದ್ದರೆ ಕೀಲಿಕೈ ತೆಗೆದ ಮೇಲೆ ಇಗ್ನಿಷನ್ ಕಾಯಿಲಿಗೆ ಕರೆಂಟು ತರುವ ತಂತಿಯನ್ನು ಟೆಸ್ಟ್ ಬಲ್ಬಿನಿಂದ ಪರೀಕ್ಷಿಸಬಹುದು. ಬಲ್ಬು ಉರಿದರೆ ವೈರಿಂಗ್ ನೋಡಬೇಕು, ಉರಿಯದಿದ್ದರೆ ಎಂಜಿನ್ನನ್ನು. ಕಾರ್ಬ್ಯುರೇಟರ್ ಬಿಚ್ಚುವ ಮೊದಲೇ ಈ ನಿರ್ಣಯವಾದರೆ ಎಷ್ಟೋ ಹಣ ಉಳಿಯುತ್ತದೆ.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ಬ್ಯಾಟರಿಯಿಂದ ಕಿಡಿ ಪಡೆಯುವ ಕಾರಿನಲ್ಲಿ ಸರ್ಕ್ಯೂಟನ್ನು ಕಡಿದರೆ ಎಂಜಿನ್ ನಿಲ್ಲುತ್ತದೆ. ಮ್ಯಾಗ್ನೆಟೊ ಇರುವ ಹಳೆಯ ಸ್ಕೂಟರಿನಲ್ಲಿ ಇದಕ್ಕೆ ನೇರ ವಿರುದ್ಧ: ಸ್ವಿಚ್ಚು ಮ್ಯಾಗ್ನೆಟೊದ ಕರೆಂಟನ್ನು ಬಾಡಿಗೆ ಜೋಡಿಸಿ ಅರ್ಥ್ ಮಾಡಿದಾಗ ಮಾತ್ರ ಕಿಡಿ ಸಾಯುತ್ತದೆ. ಆದುದರಿಂದ ಅಲ್ಲಿ ಒಂದು ಸಣ್ಣ ತಂತಿ ತುಂಡಾದರೆ ಸ್ಕೂಟರ್ ನಿಲ್ಲುವುದೇ ಇಲ್ಲ. ದೋಷದ ರೂಪ ಒಂದೇ, ಕಾರಣಗಳು ಎದುರುಬದುರು. ಒಬ್ಬರ ಗಾಡಿಗೆ ಒದಗಿದ ಮದ್ದು ಇನ್ನೊಬ್ಬರ ಗಾಡಿಗೆ ಒದಗದಿರುವುದು ಇದರಿಂದಲೇ.

ಶಾಖದ ದೋಷವೆಂದು ತಿಳಿದ ಮೇಲೆ ಸುಲಭವಾದುದರಿಂದ ಆರಂಭಿಸಬೇಕು. ಐಡ್ಲಿಂಗ್ ವೇಗ ಹೆಚ್ಚಾಗಿದೆಯೆ? ಇದು ಬಹು ಸಾಮಾನ್ಯವಾದ ಕಾರಣ. ಸ್ಕ್ರೂ ಡ್ರೈವರಿನಿಂದ ಸರಿಹೋಗಬಹುದು. ರೇಡಿಯೇಟರಿನಲ್ಲಿ ನೀರು ಸಾಕಷ್ಟಿದೆಯೆ, ಎಂಜಿನ್ ಅತಿಯಾಗಿ ಕಾಯುತ್ತಿದೆಯೆ? ಇಗ್ನಿಷನ್ ಟೈಮಿಂಗ್ ಸರಿಯಿದೆಯೆ? ತಯಾರಕರು ಹೇಳಿದ ಪ್ಲಗ್ಗನ್ನೇ ಹಾಕಲಾಗಿದೆಯೆ? ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ತೀರ ಕಡಿಮೆಯಾಗಿದೆಯೆ? ಕೆಲವು ಕಾರ್ಬ್ಯುರೇಟರುಗಳಲ್ಲಿ ಕೀಲಿಕೈ ತಿರುಗಿಸಿದಾಗ ಐಡ್ಲಿಂಗಿನ ಪೆಟ್ರೋಲನ್ನು ತಡೆಯುವ ಸಣ್ಣ ಸೊಲೆನಾಯ್ಡ್ ಇರುತ್ತದೆ, ಅದು ಕೆಟ್ಟಿದೆಯೆ? ಇವೆಲ್ಲ ಮುಗಿದ ಮೇಲೆ ಹೆಡ್ ಬಿಚ್ಚಿ ಮಸಿ ಕೆರೆಯುವ ಮಾತು. ಗೇರ್ ಹಾಕಿ ನಿಲ್ಲಿಸುವುದು ಆ ಹೊತ್ತಿಗೆ ಸರಿಯೇ. ನಿತ್ಯದ ಅಭ್ಯಾಸವಾದರೆ ಕಾರಣ ಒಳಗೇ ಉಳಿದು ಬೆಳೆಯುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಹೊಸ ಪೆಟ್ರೋಲ್ ಕಾರುಗಳಲ್ಲಿ ಕೀಲಿಕೈ ಪೆಟ್ರೋಲನ್ನೂ ತಡೆಯುವುದರಿಂದ ಡೀಸೆಲಿಂಗ್ ಕಾಟ ಬಹುಮಟ್ಟಿಗೆ ಇಲ್ಲವಾಗಿದೆ.

ಡೀಸೆಲ್ ವಾಹನದ ವಿಷಯ ಬೇರೆ, ಮತ್ತು ಹೆಚ್ಚು ಗಂಭೀರ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿಗೆ ಸ್ಥಾನವೇ ಇರಲಿಲ್ಲ. ಒತ್ತಿದ ಗಾಳಿಯ ಬಿಸಿಯಿಂದಲೇ ಇಂಧನ ಉರಿಯುತ್ತದೆ. ಆದುದರಿಂದ ಅದನ್ನು ನಿಲ್ಲಿಸುವುದೆಂದರೆ ಇಂಧನವನ್ನು ತಡೆಯುವುದು. ಟ್ರ್ಯಾಕ್ಟರಿನಲ್ಲಿ ಎಂಜಿನ್ ನಿಲ್ಲಿಸಲು ಎಳೆಯುವ ಗುಂಡಿಯ ಕೇಬಲ್ ಸಡಿಲವಾದರೆ ಅಥವಾ ಪಂಪಿನ ಸೊಲೆನಾಯ್ಡ್ ಕೆಟ್ಟರೆ ಎಂಜಿನ್ ನಿಲ್ಲುವುದಿಲ್ಲ. ಇದು ತೊಂದರೆಯಷ್ಟೇ, ಅಪಾಯವಲ್ಲ.

ಅಪಾಯವಿರುವುದು ಎಂಜಿನ್ ತನ್ನದೇ ಆಯಿಲನ್ನು ಉರಿಸತೊಡಗಿದಾಗ. ಟರ್ಬೊದ ಸೀಲು ಸೋರಿದರೆ, ಆಯಿಲನ್ನು ಅಳತೆ ಮೀರಿ ತುಂಬಿದರೆ, ಅದು ಗಾಳಿಯೊಡನೆ ಸಿಲಿಂಡರಿಗೆ ಸೇರುತ್ತದೆ. ಆಗ ಡೀಸೆಲನ್ನು ತಡೆದರೂ ವೇಗ ಏರುತ್ತಲೇ ಹೋಗಿ, ದಟ್ಟ ಹೊಗೆಯುಗುಳುತ್ತ ಎಂಜಿನ್ ಒಡೆದುಹೋಗಬಹುದು. ಚಾಲಕನ ಸೀಟಿನಲ್ಲಿದ್ದವರು ಬ್ರೇಕನ್ನು ಬಲವಾಗಿ ಒತ್ತಿ, ಅತಿ ಮೇಲಿನ ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸಲು ಯತ್ನಿಸಬಹುದು. ಇನ್ನೊಂದು ದಾರಿ ಗಾಳಿಯನ್ನು ತಡೆಯುವುದು. ಅದಕ್ಕೆ ಗಾಳಿ ಒಳಹೋಗುವ ಬಾಯಿಗಿಂತ ದೊಡ್ಡದಾದ ಗಟ್ಟಿ ಹಲಗೆ ಬೇಕು. ಅಂಗೈಯನ್ನು ಎಂದಿಗೂ ಒಡ್ಡಬಾರದು. ಬಟ್ಟೆಯನ್ನು ಎಂಜಿನ್ ಒಳಗೆಳೆದುಕೊಳ್ಳಬಹುದು. ವೇಗ ಆಗಲೇ ಮಿತಿಮೀರಿದ್ದರೆ ಎಲ್ಲರೂ ದೂರ ಸರಿಯುವುದೇ ವಿವೇಕ. ಎಂಜಿನ್ ಹೋದರೆ ಇನ್ನೊಂದು ತರಬಹುದು.

ನಾಲ್ಕು ಸ್ಟ್ರೋಕುಗಳ ಚಿತ್ರವನ್ನು ನಾವೆಲ್ಲರೂ ಶಾಲೆಯಲ್ಲಿ ಬರೆದಿದ್ದೇವೆ, ಅಂಕವನ್ನೂ ಪಡೆದಿದ್ದೇವೆ. ಗಾಳಿ, ಇಂಧನ, ಶಾಖ ಈ ಮೂರರಲ್ಲಿ ಒಂದಿಲ್ಲದಿದ್ದರೆ ಎಂಜಿನ್ ಇಲ್ಲವೆಂಬ ಆ ಪಾಠ ಪರೀಕ್ಷೆಗಿಂತ ಹೆಚ್ಚಾಗಿ ಕೊಟ್ಟಿಗೆಯ ಮುಂದೆ ಉಪಯೋಗಕ್ಕೆ ಬರಬೇಕು. ಟ್ರ್ಯಾಕ್ಟರ್ ಇರುವ ಮನೆಯವರು ಗಾಳಿಯ ಕೊಳವೆ ಎಲ್ಲಿದೆಯೆಂದು ಇಂದೇ ನೋಡಿಕೊಂಡು, ಅದಕ್ಕೆ ಒಪ್ಪುವ ಹಲಗೆಯೊಂದನ್ನು ಕೈಗೆಟಕುವಲ್ಲಿ ಇಡಲಿ. ಅದರ ಉಪಯೋಗವನ್ನು ಗಾಡಿ ಓಡಿಸುವ ಹುಡುಗರಿಗೂ ಹೇಳಿಕೊಡಲಿ.